ಸಿದ್ದವ್ವನ ಹಣೆಗೆ ಕುಂಕುಮ ಇಟ್ಟವರು ಯಾರೆಂಬ ಬಗ್ಗೆ ದಿಲನಾಜ ನದಾಫ ಹೇಳಿ ಬರೆಯಿಸಿದ್ದು

ಹೆಸರು: ದಿಲನಾಜ ಕೋಂ ಶಾಕೀರ ನದಾಫ, ವಯಸ್ಸು: 36 ವರ್ಷ, ಉದ್ಯೋಗ: ಡಿ.ಟಿ.ಪಿ. ಮತ್ತು ಫ್ಲೆಕ್ಸ್ ಡಿಸೈನ್ ಅಂಗಡಿ, ಸಾ: ಹಲಗೇರಿ ರಸ್ತೆ, ರಾಣೆಬೆನ್ನೂರು, ಜಿ: ಹಾವೇರಿ.

ಈ ದಿನ ನನ್ನನ್ನು ಠಾಣೆಗೆ ಕರೆಸಿ ಕೇಳಿದ್ದಕ್ಕೆ, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಎಚ್ಚರದಲ್ಲಿ ಮತ್ತು ಸ್ವಲ್ಪ ಸಿಟ್ಟಿನಲ್ಲಿ ಹೇಳಿ ಬರೆಯಿಸುವುದೇನೆಂದರೆ,

ನಾನು 14 ವರ್ಷಗಳಿಂದ ಮೇಲಿನ ವಿಳಾಸದಲ್ಲಿ ಬಾಡಿಗೆ ಅಂಗಡಿ ನಡೆಸುತ್ತಿದ್ದೇನೆ. ಡಿಸೈನ್ ಮಾಡುವುದು ನನ್ನ ಕೆಲಸ. ಪ್ರಿಂಟ್ ಹಾಕಿಸಿಕೊಂಡು ಹೋಗಿ ಕಟ್ಟಿ ಬರುವುದು ನನ್ನ ಗಂಡ ಶಾಕೀರ ಇವರ ಕೆಲಸ. ಮದುವೆ, ಗೃಹಪ್ರವೇಶ, ಹುಟ್ಟುಹಬ್ಬ, ಶ್ರದ್ಧಾಂಜಲಿ, ಎಲ್ಲ ಜಾತಿಯವರದೂ ಮಾಡುತ್ತೇವೆ. ಎರಡು ವರ್ಷಗಳಿಂದ ಕಂಪ್ಯೂಟರಿನಲ್ಲಿ ಎ.ಐ. ಬಳಸುತ್ತಿದ್ದೇನೆ. ಇದನ್ನು ಮುಚ್ಚಿಟ್ಟಿಲ್ಲ. ಅಂಗಡಿಯ ಬೋರ್ಡಿನ ಮೇಲೆಯೇ ಬರೆಯಿಸಿದ್ದೇನೆ.

ದಿ: 10-02-2025 ಸೋಮವಾರ ಬೆಳಿಗ್ಗೆ 10-40ಕ್ಕೆ ಭುವನಾ ಎಂಬ, ಸುಮಾರು 34 ವರ್ಷದ ಹೆಣ್ಣುಮಗಳು ಅಂಗಡಿಗೆ ಬಂದರು. ಇವರು ಇಲ್ಲಿಯ ಒಂದು ಬೀಜದ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾರೆ. ಇವರ ತಾಯಿ ಸಿದ್ದವ್ವ, 58 ವರ್ಷ, ಸಾ: ಕದರಮಂಡಲಗಿ, ತಾ: ಬ್ಯಾಡಗಿ, ಹೋದ ಸೋಮವಾರ ತೀರಿಕೊಂಡಿದ್ದರು. ಹನ್ನೊಂದನೇ ದಿನದ ಕಾರ್ಯ 13ನೇ ತಾರೀಖಿಗೆ ಇದ್ದು, ಊರ ಬಸ್ ನಿಲ್ದಾಣದ ಹತ್ತಿರ ಕಟ್ಟಲು ಆರು ಅಡಿ ಎತ್ತರ, ನಾಲ್ಕು ಅಡಿ ಅಗಲದ ಫ್ಲೆಕ್ಸ್ ಬೇಕೆಂದರು.

ಫೋಟೋ ಕೇಳಿದೆ. ಮತದಾರರ ಗುರುತಿನ ಚೀಟಿ ಕೊಟ್ಟರು. ಅದರಲ್ಲಿಯ ಮುಖ ನನ್ನ ಹೆಬ್ಬೆರಳಿನ ಉಗುರಿನಷ್ಟಿತ್ತು. ಬೇರೆ ಇಲ್ಲವೇ ಎಂದು ಕೇಳಿದ್ದಕ್ಕೆ, ಗಂಡ ಸತ್ತವಳು ಶುಭಕಾರ್ಯದ ಫೋಟೋಕ್ಕೆ ನಿಲ್ಲಬಾರದೆಂದು ಅವ್ವ ಪ್ರತಿ ಸಲ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು, ನನ್ನ ಮದುವೆಯ ಆಲ್ಬಮ್ಮಿನಲ್ಲಿಯೂ ಅವಳದೊಂದು ಮೊಣಕೈ ಮಾತ್ರ ಬಂದಿದೆ ಎಂದು ಭುವನಾ ಹೇಳಿದರು. ಮೊಣಕೈ ಹಿಡಿದುಕೊಂಡು ಶ್ರದ್ಧಾಂಜಲಿ ಮಾಡಲು ಬರುವುದಿಲ್ಲ. ಹಾಗಾಗಿ ಗುರುತಿನ ಚೀಟಿಯನ್ನೇ ಸ್ಕ್ಯಾನ್ ಮಾಡಿದೆ.

ಎ.ಐ. ಹೇಗೆ ಕೆಲಸ ಮಾಡುತ್ತದೆಂದು ಹವಾಲ್ದಾರರು ಕೇಳಿದ್ದರಿಂದ ಹೇಳುತ್ತೇನೆ. ಫೋಟೋ ಹಾಕಿ, ನಮಗೆ ಏನು ಬೇಕೋ ಅದನ್ನು ಮಾತಿನಲ್ಲಿ ಟೈಪ್ ಮಾಡಬೇಕು. ಅರ್ಧ ನಿಮಿಷದಲ್ಲಿ ಕೊಡುತ್ತದೆ. ಅದು ಹಳೆಯ ಫೋಟೋದ ಮೇಲಿನ ಧೂಳು ಒರೆಸುತ್ತದೆಂದು ಜನ ತಿಳಿದಿದ್ದಾರೆ. ಹಾಗಲ್ಲ. ಅದು ಕೋಟಿಗಟ್ಟಲೆ ಚಿತ್ರ ನೋಡಿ ಕಲಿತದ್ದು. ಫೋಟೋದಲ್ಲಿ ಕಾಣದೆ ಇರುವುದನ್ನೆಲ್ಲ, ಸಾಮಾನ್ಯವಾಗಿ ಹೀಗಿರುತ್ತದೆ ಎಂದು ಅಂದಾಜು ಮಾಡಿ ಹೊಸದಾಗಿ ಬರೆಯುತ್ತದೆ. ಗೊತ್ತಿಲ್ಲ ಎಂಬ ಮಾತು ಅದರ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ. ಊರಲ್ಲಿ ದಾರಿ ಕೇಳಿದರೆ ಗೊತ್ತಿಲ್ಲದವರೂ ಕೈಮಾಡಿ ತೋರಿಸುತ್ತಾರಲ್ಲ, ಆ ಪೈಕಿ. ಅದಕ್ಕೇ ಅದು ಕೊಟ್ಟದ್ದನ್ನು ನಾನು ಯಾವತ್ತೂ ಕಣ್ಣು ಮುಚ್ಚಿ ಪ್ರಿಂಟಿಗೆ ಕಳಿಸುವುದಿಲ್ಲ.

11-05ಕ್ಕೆ ನಾಲ್ಕು ಚಿತ್ರ ಬಂದವು. ಮೂರರಲ್ಲಿ ಸಿದ್ದವ್ವ ಇರಲಿಲ್ಲ, ಧಾರಾವಾಹಿಯ ಅತ್ತೆ ಇದ್ದಳು. ನಾಲ್ಕನೆಯದನ್ನು ನೋಡಿ ಭುವನಾ ಪರದೆಯ ಮೇಲೆ ಕೈ ಇಟ್ಟರು. ಇದೇ ಎಂದರು. ಆ ಚಿತ್ರದಲ್ಲಿ ಸಿದ್ದವ್ವನ ಹಣೆಯ ಮೇಲೆ ಕೆಂಪು ಕುಂಕುಮ ಇತ್ತು. ಗುರುತಿನ ಚೀಟಿಯಲ್ಲಿ ಬರೀ ವಿಭೂತಿ ಇದೆ. ಕುಂಕುಮ ಇಡು ಎಂದು ನಾನು ಟೈಪ್ ಮಾಡಿರಲಿಲ್ಲ. ಚೀಟಿಯ ಫೋಟೋದಲ್ಲಿ ಇಳಕಲ್ ಸೆರಗು ಕಂಡು, ಇಂಥ ಹೆಣ್ಣುಮಗಳೆಂದರೆ ಕುಂಕುಮ ಇರಬೇಕೆಂದು ಅದು ತಾನೇ ಇಟ್ಟಿತ್ತು. ಯಾರ ಗಂಡ ಸತ್ತಿದ್ದಾನೆ, ಯಾರ ಗಂಡ ಇದ್ದಾನೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಫೋಟೋದ ಕೆಳಗೆ ಹಾಕಲು ನಾಲ್ಕು ಸಾಲು ಬರೆದುಕೊಡು ಎಂದದ್ದಕ್ಕೂ "ಪತಿ ಹಾಗೂ ಮಕ್ಕಳನ್ನು ಅಗಲಿದ್ದಾರೆ" ಎಂದು ಬರೆದಿತ್ತು. ಆ ಪತಿ ತೀರಿಕೊಂಡು 31 ವರ್ಷ ಆಗಿದೆ. ಅದನ್ನು ನಾನು ಅಲ್ಲಿಯೇ ತೆಗೆದೆ.

ಕುಂಕುಮವನ್ನೂ ತೆಗೆದೆ. ಇದನ್ನು ಸ್ಪಷ್ಟವಾಗಿ ಬರೆದುಕೊಳ್ಳಬೇಕು. 11-20ಕ್ಕೆ, ಭುವನಾರಿಗೆ ಇದು ತಪ್ಪಾಗಿ ಬಂದಿದೆ ಎಂದು ಹೇಳಿ, ತೆಗೆಯಲು ಟೈಪ್ ಮಾಡಿದೆ. ತೆಗೆಯಿತು. ಹಣೆ ಗುರುತಿನ ಚೀಟಿಯಲ್ಲಿ ಇದ್ದ ಹಾಗೆ ಆಯಿತು. ಭುವನಾ ಆ ಚಿತ್ರ ನೋಡಿ, ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು. ಆಮೇಲೆ ಹೇಳಿದ್ದು:

"ಅಕ್ಕಾ, ಆ ಮೊದಲಿಂದು ಇನ್ನೊಮ್ಮೆ ತೋರಸ್ರಿ. ನಾ ನಮ್ಮವ್ವನ್ನ ಹಂಗ ಒಮ್ಮಿನೂ ನೋಡಿಲ್ಲ."

ತಂದೆ ಸತ್ತಾಗ ಇವರಿಗೆ ಮೂರು ವರ್ಷ, ಸಿದ್ದವ್ವನಿಗೆ 27. ಹನ್ನೊಂದನೇ ದಿನ ಮನೆಯ ಹಿರಿಯರು ಸೇರಿ ಬಳೆ ಒಡೆದು ಹಣೆ ಒರೆಸಿದ್ದರಂತೆ. ಮುಂದೆ ಒಂದು ಸಲ ಹಬ್ಬದ ದಿನ, ಐದು ವರ್ಷದ ಮಗಳು ಆಟಕ್ಕೆಂದು ಅವ್ವನ ಹಣೆಗೆ ಕುಂಕುಮ ಹಚ್ಚಲು ಹೋದಾಗ, ಸಿದ್ದವ್ವ ಮಗಳಿಗೆ ಹೊಡೆದು, ಆಮೇಲೆ ತಾನೂ ಅತ್ತಳಂತೆ. ಇದನ್ನು ಹೇಳುವಾಗ ಭುವನಾ ಅಳಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂದಿತು. ಅವರು ಕುಂಕುಮ ಇರುವ ಚಿತ್ರವನ್ನೇ ಹಾಕಬೇಕೆಂದರು. ಊರಲ್ಲಿ ಮಾತು ಬರುತ್ತದೆ ಎಂದು ನಾನು ಮೂರು ಸಲ ಎಚ್ಚರಿಕೆ ಕೊಟ್ಟೆ. ಮೂರು ಸಲವೂ ಹಾಕಿರಿ ಎಂದರು.

ಮಷೀನು ಇಟ್ಟಿದ್ದ ಕುಂಕುಮ, ಬಳೆ ಅಂಗಡಿಯಲ್ಲಿ ಸಿಗುವ ಅಂಟಿನ ಟಿಕಳಿಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಅವ್ವ ಇಡುತ್ತಿದ್ದದ್ದು ಹೇಗಿತ್ತೆಂದು ಭುವನಾರಿಗೆ ಗೊತ್ತಿಲ್ಲ, ನನಗೆ ಗೊತ್ತಿಲ್ಲ, ಮಷೀನಿಗಂತೂ ಮೊದಲೇ ಗೊತ್ತಿಲ್ಲ. 11-50ಕ್ಕೆ ಭುವನಾ, ಇದನ್ನು ಕೇಳಲು ಹೊನ್ನವ್ವ ಎಂಬವರಿಗೆ ಫೋನ್ ಮಾಡಿದರು. ಹೊನ್ನವ್ವನವರಿಗೆ 68 ವರ್ಷ. ಇವರೂ ಸಿದ್ದವ್ವನೂ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ನಲವತ್ತು ವರ್ಷದ ಹಿಂದಿನಿಂದ ಜೊತೆಯಾಗಿ ಹೋಗುತ್ತಿದ್ದವರು. ಹೊನ್ನವ್ವನವರು ಯಾಕೆ ಕೇಳುತ್ತೀ ಎಂದು ಕೇಳಿ, ಕಾರಣ ತಿಳಿದ ಮೇಲೆ ಫೋನ್ ಇಟ್ಟುಬಿಟ್ಟರು. ಎರಡು ನಿಮಿಷ ಬಿಟ್ಟು ತಾವೇ ಮಾಡಿದರು. ಸ್ಪೀಕರಿನಲ್ಲಿ ನಾನು ಕೇಳಿದ್ದು:

"ನಾಕಾಣೆ ಅಗಲ ಇರ್ತಿತ್ತವ್ವಾ. ಹುಬ್ಬಿನ ನಡುವ ಅಲ್ಲ, ಒಂದು ಜ್ವಾಳದ ಕಾಳಿನಷ್ಟು ಮ್ಯಾಲ. ಒಣಾ ಕುಂಕುಮ. ಕೆಲಸ ಮಾಡ್ಕೋತ ಬೆವತ್ರ ಅಂಚು ಉದರತಿತ್ತು. ಇಡೂದಾದ್ರ ಹಂಗ ಇಡ್ರಿ, ಮತ್ತೊಂದು ನಮೂನಿ ಇಡಬ್ಯಾಡ್ರಿ."

ಇದನ್ನೇ ನಾನು ಟೈಪ್ ಮಾಡಿದೆ. ಒಂದು ಸಲ ಗುಡಿಯ ದೇವಿಗೆ ಇಟ್ಟಷ್ಟು ದೊಡ್ಡದು ಇಟ್ಟಿತು. ಇನ್ನೊಂದು ಸಲ ಸೊಳ್ಳೆ ಕಚ್ಚಿದಷ್ಟು ಚುಕ್ಕೆ. ಉದುರಿದ ಅಂಚು ಎಂದರೆ ಅದಕ್ಕೆ ತಿಳಿಯಲೇ ಇಲ್ಲ. ಆಗ ನಾನು ಎ.ಐ. ಬಂದ್ ಮಾಡಿ, ಕುಂಕುಮ ಇಲ್ಲದ ಚಿತ್ರವನ್ನು ತೆರೆದು, ಮೌಸ್ ಹಿಡಿದು ನನ್ನ ಕೈಯಿಂದಲೇ ಕುಂಕುಮ ಇಟ್ಟೆ. 25 ನಿಮಿಷ ಹಿಡಿಯಿತು. ಕೆಳಗಿನ ಎಡ ಅಂಚು ಸ್ವಲ್ಪ ಉದುರಿಸಿದೆ. 12-35ಕ್ಕೆ ಫೈಲ್ ಸೇವ್ ಆಗಿದೆ. ಮಷೀನು ಕುಂಕುಮ ಇಟ್ಟದ್ದು, ಕುಂಕುಮ ತೆಗೆದದ್ದು, ನಾನು ಇಟ್ಟದ್ದು, ಈ ಮೂರೂ ಚಿತ್ರಗಳು ವೇಳೆ ಸಮೇತ ನನ್ನ ಕಂಪ್ಯೂಟರಿನಲ್ಲಿವೆ.

ದಿ: 12-02-2025 ಬುಧವಾರ ಮಧ್ಯಾಹ್ನ 1-15ಕ್ಕೆ ನನ್ನ ಗಂಡ ಕದರಮಂಡಲಗಿಗೆ ಹೋಗಿ, ಬಸ್ ನಿಲ್ದಾಣದಿಂದ 20 ಅಡಿ ದೂರದಲ್ಲಿ ಫ್ಲೆಕ್ಸ್ ಕಟ್ಟಿ ಬಂದರು. ಇಬ್ಬರು ಮುದುಕಿಯರು ಬಂದ ಬಸ್ಸು ಬಿಟ್ಟು ನೋಡುತ್ತ ನಿಂತಿದ್ದರೆಂದು ಹೇಳಿದರು.

ದಿ: 13-02-2025 ಗುರುವಾರ ಸಂಜೆ 4-10ಕ್ಕೆ ಸಿದ್ದವ್ವನ ಮೈದುನ ನಿಜಲಿಂಗಪ್ಪ ಎಂಬವರು, ಸುಮಾರು 60 ವರ್ಷ, ನಾಲ್ಕು ಜನರೊಂದಿಗೆ ಅಂಗಡಿಗೆ ಬಂದರು. ಬಗಲಲ್ಲಿ ಫ್ಲೆಕ್ಸ್ ಇತ್ತು. ಹರಿದಿರಲಿಲ್ಲ. ಮುಖ ಒಳಗೆ ಬರುವಂತೆ ಮಡಚಿ ತಂದಿದ್ದರು. ಮುಂಡೆಯ ಹಣೆಗೆ ಕುಂಕುಮ ಇಟ್ಟು ನಮ್ಮ ಮನೆತನದ ಮರ್ಯಾದೆ ಬಸ್ ನಿಲ್ದಾಣದಲ್ಲಿ ತೂಗುಹಾಕಿದವರು ಯಾರೆಂದು ಕೇಳಿದರು. ಸತ್ತ ಅತ್ತಿಗೆಗೆ ಅವರು ಬಳಸಿದ ಆ ಪದವನ್ನು ಹಾಗೆಯೇ ಬರೆದುಕೊಳ್ಳಬೇಕು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, ಕಂಪ್ಯೂಟರು ತಾನಾಗಿಯೇ ಹಾಕಿದೆ, ನಮ್ಮ ಗಮನಕ್ಕೆ ಬಂದಿಲ್ಲ ಎಂದುಬಿಟ್ಟರು. ನನ್ನ ಗಂಡ ಒಳ್ಳೆಯವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಸ್ವಭಾವದವರು.

ಆ ಮಾತಿಗೆ ನಿಜಲಿಂಗಪ್ಪನವರ ಸಿಟ್ಟು ಅರ್ಧ ಇಳಿಯಿತು. ಹಾಗಾದರೆ ಮಷೀನಿನ ತಪ್ಪಿನಿಂದ ಆಯಿತು ಎಂದು ಬರೆದು ಅಂಗಡಿಯ ಬಾಗಿಲಿಗೆ ಹಚ್ಚಿರಿ, ಬರೀ ವಿಭೂತಿಯ ಬೇರೆ ಫ್ಲೆಕ್ಸ್ ಮಾಡಿಕೊಡಿರಿ, ಮುಗಿಯಿತು ಎಂದರು. ಮುಗಿಸಬಹುದಿತ್ತು. ಆದರೆ ಕುಣಿಯಲು ಬಾರದೆ ನೆಲ ಡೊಂಕು ಎನ್ನುವವಳು ನಾನಲ್ಲ. ನಾನು ಹೇಳಿದ್ದು:

"ಮಷೀನ ಇಟ್ಟಿದ್ದನ್ನ ನಾ ಆವಾಗ ತಗದೇನ್ರಿ. ಈಗ ಇರೂದು ಮಗಳು ಕೇಳಿದ್ದು, ನಾ ಇಟ್ಟಿದ್ದು."

ಸಾಕ್ಷಿಗೆಂದು ಕಂಪ್ಯೂಟರಿನಲ್ಲಿ ಮೂರೂ ಚಿತ್ರ ತೋರಿಸಿದೆ. ನಾನು ಕೈಯಿಂದ ಇಟ್ಟ ಮೂರನೆಯದು ಬಂದಾಗ ನಿಜಲಿಂಗಪ್ಪನವರು ಪರದೆಯ ಹತ್ತಿರ ಬಾಗಿದರು. ಅತ್ತಿಗಿ ಹಿಂಗ ಇದ್ದಳು ಎಂದು ಮೆಲ್ಲಗೆ ಅಂದದ್ದನ್ನು ನಾನು ಕೇಳಿದ್ದೇನೆ. ಅಂದಿಲ್ಲ ಎಂದು ಅವರು ಈಗ ಹೇಳುತ್ತಿದ್ದರೆ, ಅವರ ಇಷ್ಟ. ಮರುಗಳಿಗೆಯಲ್ಲಿ ದನಿ ಏರಿಸಿ, ಬೇರೆ ಜಾತಿಯವಳಾದ ನಿನಗೆ ನಮ್ಮ ಕುಂಕುಮದ ಉಸಾಬರಿ ಯಾಕೆ, ಬೇಕಂತಲೇ ಮಾಡಿದ್ದೀ ಎಂದರು. ಇದೇ ಮಾತು ದೂರಿನಲ್ಲಿಯೂ ಇದೆ ಎಂದು ಓದಿ ಹೇಳಿದ್ದೀರಿ. ಇದಕ್ಕೆ ನನ್ನ ಉತ್ತರ: 14 ವರ್ಷಗಳಿಂದ ಈ ತಾಲೂಕಿನ ಮದುಮಕ್ಕಳ ಬಾಸಿಂಗ ನೆಟ್ಟಗೆ ಮಾಡಿದವಳು ನಾನು. ಗಣಪತಿಯ ಸೊಂಡಿಲು ಎಡಕ್ಕೋ ಬಲಕ್ಕೋ ಎಂದು ಗಿರಾಕಿಗಳಿಗೆ ನೆನಪು ಮಾಡಿದವಳೂ ನಾನೇ. ಆಗ ಯಾರೂ ನನ್ನ ಜಾತಿ ಕೇಳಿಲ್ಲ. ಬೇಕಂತಲೇ ಮಾಡಿದ್ದೇನೆ ಎಂಬುದು ಮಾತ್ರ ಖರೇ. ಅವಮಾನಕ್ಕೆಂದು ಮಾಡಿದ್ದಲ್ಲ.

ದಿ: 14-02-2025 ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ಕದರಮಂಡಲಗಿಯ ಮೂವರು ಹಿರಿಯರು, ನಿಜಲಿಂಗಪ್ಪ, ನನಗೆ ಅಂಗಡಿ ಬಾಡಿಗೆಗೆ ಕೊಟ್ಟ ಮಾಲೀಕರು ಮತ್ತು ಭುವನಾ ನನ್ನ ಅಂಗಡಿಯ ಮುಂದೆ ಸೇರಿದರು. ಮಷೀನಿನ ತಪ್ಪು ಎಂದು ಬರೆದುಕೊಟ್ಟರೆ ಎಲ್ಲರಿಗೂ ಒಳ್ಳೆಯದು ಎಂದು ಹಿರಿಯರು ಹೇಳಿದರು. ಬರೆದುಕೊಡದಿದ್ದರೆ ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಬೇಕೆಂದು ಮಾಲೀಕರು ಹೇಳಿದರು. ಭುವನಾ, ಇದು ಮಷೀನಿನ ತಪ್ಪಲ್ಲ, ನಾನು ಹೇಳಿ ಮಾಡಿಸಿದ್ದು ಎಂದಾಗ ಹಿರಿಯರು, ತಾಯಿ ಸತ್ತ ದುಃಖದಲ್ಲಿ ಹುಡುಗಿಗೆ ತಿಳಿಯುತ್ತಿಲ್ಲ ಎಂದು ಅವರನ್ನು ಪಕ್ಕಕ್ಕೆ ಕೂಡಿಸಿದರು. 34 ವರ್ಷದ, ಎರಡು ಮಕ್ಕಳ ತಾಯಿಗೆ ಹುಡುಗಿ ಎಂದರು. ಮಷೀನು ಮಾಡಿತು ಎಂದರೆ ಎಲ್ಲರೂ ನಂಬುತ್ತಾರೆ, ಇಬ್ಬರು ಹೆಂಗಸರು ತಿಳಿದೇ ಮಾಡಿದರು ಎಂದರೆ ಯಾರಿಗೂ ನಂಬಲು ಮನಸ್ಸಿಲ್ಲ. ಆಗ ಭುವನಾ ಎದ್ದು ನಿಂತು ಹೇಳಿದ್ದು:

"ಕಾಕಾ, ಅವ್ವನ ಹಣಿ ಮೂವತ್ತೊಂದು ವರ್ಷ ನಿಮ್ಮ ಕೈಯಾಗಿತ್ತು. ಅಕಿ ಏನೂ ಅನಲಿಲ್ಲ. ಈಗರೆ ಅಕಿ ಹಣಿ ಅಕಿಗೆ ಬಿಡ್ರಿ."

ಇದನ್ನು ಕೇಳಿ ನಿಜಲಿಂಗಪ್ಪನವರು ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಠಾಣೆಗೆ ಬಂದು ದೂರು ಕೊಟ್ಟಿದ್ದಾರೆ.

ನಾನು ತಪ್ಪೊಪ್ಪಿಗೆ ಬರೆದುಕೊಟ್ಟಿಲ್ಲ, ಕೊಡುವುದೂ ಇಲ್ಲ. ಫೈಲ್ ಅಳಿಸಿಲ್ಲ. ವರ್ಷದ ಕಾರ್ಯಕ್ಕೆ ಭುವನಾ ಮತ್ತೆ ಕೇಳಿದರೆ ಇದೇ ಚಿತ್ರ ಹಾಕಿಕೊಡುತ್ತೇನೆ, ಅಂಗಡಿ ಇದ್ದರೆ ಅಂಗಡಿಯಿಂದ, ಇಲ್ಲದಿದ್ದರೆ ಮನೆಯಿಂದ. ಅಂಗಡಿ ಹೋಗುತ್ತದೆಂದು ನನಗೆ ಹೆದರಿಕೆ ಇದೆ, ಇಲ್ಲವೆಂದು ಹೇಳುವುದಿಲ್ಲ. ಆದರೆ ಮಷೀನಿನ ಮೇಲೆ ಹಾಕಿ ನಾನು ಪಾರಾದರೆ, ಸಿದ್ದವ್ವನ ಹಣೆಯ ಮೇಲಿದ್ದದ್ದು ಒಂದು ತಪ್ಪು ಎಂದು ನಾನೇ ಸಹಿ ಮಾಡಿದ ಹಾಗೆ ಆಗುತ್ತದೆ. ಒಮ್ಮೆ ಒರೆಸಿದ್ದು ಸಾಕು.

ಹೇಳಿಕೆ ಬರೆದುಕೊಂಡ ಹವಾಲ್ದಾರರು ನನ್ನ ಒಳ್ಳೆಯದಕ್ಕೆಂದೇ, ಕುಂಕುಮ "ತಾಂತ್ರಿಕ ದೋಷದಿಂದ" ಬಂದಿರುತ್ತದೆ ಎಂದು ಬರೆದಿದ್ದರು. ಓದಿ ಹೇಳಿದಾಗ ನಾನು ಒಪ್ಪಲಿಲ್ಲ. ಅದರ ಬದಲು "ಅಚಾತುರ್ಯದಿಂದ" ಎಂದು ಬರೆಯಲೇ, ಕೋರ್ಟು ಕಚೇರಿ ತಿರುಗುವುದು ತಪ್ಪುತ್ತದೆ, ಯೋಚನೆ ಮಾಡು ತಂಗಿ ಎಂದರು. ಯೋಚನೆ ಮಾಡಿದ್ದೇನೆ. ಅದನ್ನೂ ಒಪ್ಪಲಿಲ್ಲ.

ಮೇಲೆ ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದ್ದು, ಖರೇ ಇರುತ್ತದೆ. ಮೂರನೇ ಪುಟದ ಆರನೇ ಸಾಲಿನಲ್ಲಿ "ತಾಂತ್ರಿಕ ದೋಷದಿಂದ" ಎಂಬ ಎರಡು ಶಬ್ದಗಳನ್ನು ಹೊಡೆದುಹಾಕಿಸಿ, ಅದರ ಮೇಲೆ "ನನ್ನ ಕೈಯಿಂದ" ಎಂದು ಬರೆಯಿಸಿರುತ್ತೇನೆ. ಹೊಡೆದ ಜಾಗದಲ್ಲಿಯೂ ನನ್ನ ಸಹಿ ಇರುತ್ತದೆ.

ಸ್ಥಳ: ರಾಣೆಬೆನ್ನೂರು
ದಿನಾಂಕ: 15-02-2025, ಮಧ್ಯಾಹ್ನ 12-50

(ಸಹಿ) ದಿಲನಾಜ ಶಾಕೀರ ನದಾಫ