ಸುಣ್ಣದ ಮೇಲೆ ಉಳಿದ ಕೈಗಳು

ಹಿರಿಯರೇ, ಜೊತೆಯ ಉಪಾಧ್ಯಾಯರೇ, ಗುತ್ತಲಿನಿಂದ ಮದ್ದೂರಿನವರೆಗೆ ಬಂದಿರುವ, ನಮ್ಮ ಮೇಷ್ಟ್ರ ಮಡದಿ, ತಾಯಿ ರಹೀಮುನ್ನೀಸಾ ಅವರೇ — ನಮಸ್ಕಾರ. ಆಡಳಿತ ಮಂಡಳಿಯ ಅಧ್ಯಕ್ಷರೇ — ನಿಮಗೂ.

ನಮ್ಮ ಚರಿತ್ರೆಯ ಮೇಷ್ಟ್ರು ನಜೀರ್ ಅಹ್ಮದ್ ಹೋದರು. ಅಳುವ ಭಾಷಣ ಬರೆದಿಟ್ಟಿದ್ದೆ. ಬೆಳಗ್ಗೆ ಈ ಗೋಡೆ ನೋಡಿದೆ — ಕಣ್ಣೀರು ಆರಿತು, ಕೋಪ ಏರಿತು.

ತಿರುಗಿ ನೋಡಿ. ನೋಡಿ ಸ್ವಾಮಿ, ನೋಡಿ! ಶಿವಪುರದಲ್ಲಿ ಕಾಂಗ್ರೆಸ್ ಬಾವುಟ ಹಾರಿದ ವರ್ಷ ಅವರು ಈ ಗೋಡೆಯ ಮೇಲೆ ಆಳಿಗಿಂತ ಎತ್ತರದ ಜನರನ್ನು ಬರೆದರು. ಕೆಮ್ಮಣ್ಣು ಅರೆದುಕೊಟ್ಟವರು ಈ ತಾಯಿ. ಆ ಜನ ಯಾರೆಂದರೆ — ಮೆಕ್ಸಿಕೋದ ಪಡುವಣಕ್ಕೆ, ಕಡಲಿನೊಳಗೆ ನಾಲಿಗೆಯಂತೆ ಚಾಚಿದ ಒಂದು ಮರಳುಗಾಡು ಇದೆ. ನಕ್ಷೆಯಲ್ಲಿ ಅದು ಲೋಯರ್ ಕ್ಯಾಲಿಫೋರ್ನಿಯಾ. ಅಲ್ಲಿನ ಬಂಡೆಗವಿಗಳಲ್ಲಿ ಹೀಗೆಯೇ ಎರಡೂ ಕೈ ಎತ್ತಿ ನಿಂತವರ ಚಿತ್ರಗಳಿವೆ. ಆ ನೆಲದ ಮಕ್ಕಳು ಕೊಚಿಮಿ, ಗುವಾಯ್ಕುರಾ, ಪೆರಿಕೂ ಕುಲದವರು.

ನೀರು ಕಡಿಮೆ, ಕಳ್ಳಿಹಣ್ಣೇ ಹಬ್ಬ. ಹಣ್ಣಿನ ಕಾಲದಲ್ಲಿ ತಿಂದರು, ಕುಣಿದರು. ಆಮೇಲೆ — ಶಿಲುಬೆ ಬಂತು, ಬೆನ್ನಿಗೆ ಸಿಪಾಯಿ ಬಂದ, ಇಬ್ಬರ ಜೊತೆ ಸಿಡುಬು ಬಂತು. ಚದುರಿ ಬದುಕಿದ್ದವರನ್ನು ಒಂದೆಡೆ ಕೂಡಿಹಾಕಿದರು. ರೋಗಕ್ಕೆ ದಾರಿ ಸಲೀಸಾಯಿತು. ಹೆಣ ಹೂತ ಪಾದ್ರಿಗಳೇ ಪುಸ್ತಕವನ್ನೂ ಬರೆದರು: ಇವರು ಸೋಮಾರಿಗಳು, ಕಾಡುಜನ!

ನಜೀರ್ ಸಾಹೇಬರು ತರಗತಿಗೆ ಪಾಪಸುಕಳ್ಳಿ ಹಣ್ಣು ತರುತ್ತಿದ್ದರು. ಮುಳ್ಳು ಒರೆಸಿ, ಹೀಗೆ ಸೀಳಿ, ಎಲ್ಲರ ಬಾಯಿ ಕೆಂಪಾದ ಮೇಲೆ ಕೇಳುತ್ತಿದ್ದರು: "ಈಗ ಯೋಳ್ರಲಾ, ಇದುನ್ನ ತಿನ್ನೋರು ಮನ್ಸರೋ ಅಲ್ವೋ?"

ಒಮ್ಮೆ ಶಾಲೆ ನೋಡಲು ಬಂದ ಇಂಗ್ಲಿಷ್ ದೊರೆ, "ಯಾರು ಈ ಬೆತ್ತಲೆ ಜನ?" ಎಂದ. ಸಾಹೇಬರು ಕೈ ಕಟ್ಟಿ ನಿಂತೇ ಹೇಳಿದರು: "ಮನೆಯ ಯಜಮಾನರು, ಸ್ವಾಮಿ. ಕರೆಯದೆ ಬಂದ ನೆಂಟರು ಇವರ ಬಟ್ಟೆ ವಿಚಾರಿಸಿದ್ದರಂತೆ."

ಆ ದೊರೆ ಕೂಡ ಅಳಿಸಲಿಲ್ಲ. ದೊರೆತನ ಗಂಟುಮೂಟೆ ಕಟ್ಟುತ್ತಿರುವ ಈ ಹೊತ್ತಿನಲ್ಲಿ ನಾವು ಅಳಿಸಿದೆವು. ನಾವು!

ಬೆಳಗ್ಗೆ ನಮ್ಮ ಜವಾನ ಚೌಡಯ್ಯ ಏಣಿಯ ಮೇಲಿದ್ದ.

"ಏನ್ಲಾ ಇದು?"

"ಅಧ್ಯಕ್ಷರು ಯೋಳವ್ರೆ ಸಾಮಿ. ಮೇಷ್ಟ್ರು ತೀರ್ಕಂಡ್ರಲ್ಲ, ಸೂತ್ಕ ಕಳೀಲಿ, ಸುಣ್ಣ ಬಳಿ ಅಂತ."

"ಸಾಬ್ರಿಗೆ ಎಂತ ಸೂತ್ಕಲಾ?"

"ನಂಗೇನ್ ಗೊತ್ತು? ಕಲ್ಸು ಅಂದ್ರು, ಕಲ್ಸ್ದೆ. ಮ್ಯಾಲಕ್ಕೆ ಏಣಿ ಎಟುಕ್ನಿಲ್ಲ. ನಾಳೀಕೆ ದೊಡ್ಡೇಣಿ ತತ್ತೀನಿ ಬುಡಿ."

ಅಧ್ಯಕ್ಷರೇ, ಅವರಿದ್ದಾಗ ಈ ಗೋಡೆಯ ಬಗ್ಗೆ ಮೂಲೆಯಲ್ಲಿ ಗೊಣಗಿದಿರಿ. ಸತ್ತ ಮೇಲೆ ಸುಣ್ಣ ತರಿಸಿದಿರಿ. ಮನೆ ಮನೆಯಲ್ಲಿ ಶುದ್ಧಿಗೆ ಬಳಿಯುವ ಸುಣ್ಣ — ಅದನ್ನು ನೆಪ ಮಾಡಿದಿರಿ! ಈಗ ಮುಖವಿಲ್ಲ, ಮೈಯಿಲ್ಲ. ಮುಳುಗುವವರ ಹಾಗೆ ಬರೀ ಕೈಗಳು. ಒಳಗೆ ಬಂದ ತಾಯಿ ಅದನ್ನು ಕಂಡು ನನ್ನನ್ನು ಕೇಳಿದರು: "ಅವ್ರನ್ನ ಮಣ್ಣಿಗಿಟ್ ಬಂದ್ವಿ. ಇವ್ರನ್ನೂ ಹೂಳ್ತೀರಾ?"

ತಾಯಿಗೆ ಉತ್ತರ ಈ ಸಭೆಯಲ್ಲಿದೆ. ನಾಳೆ ಆ ದೊಡ್ಡ ಏಣಿ ಬರಕೂಡದು.

ಎಲ್ಲರೂ ಎದ್ದು ನಿಲ್ಲಿ. ತಲೆ ತಗ್ಗಿಸಬೇಡಿ — ತಗ್ಗಿಸಿದ್ದು ಸಾಕು. ಗೋಡೆಗೆ ಮುಖ ಮಾಡಿ. ಅವರಂತೆ ಎರಡೂ ಕೈ ಎತ್ತಿ. ತೋಳು ಸೋಲುವವರೆಗೆ ಮಾತಿಲ್ಲದೆ ನಿಲ್ಲೋಣ.

ಅಧ್ಯಕ್ಷರೇ — ನಿಮ್ಮ ಕೈ.