ಪೈಲಟ್‌ಗೆ ಕಾಣದ ಚಕ್ರ

ನವವಿಧ ಭಕ್ತಿಯಲ್ಲಿ ಮೊದಲನೆಯದು ಶ್ರವಣ. ಅಂದರೆ ಕೇಳುವುದು. ಇದು ನಿಮಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಸಂಜೆಯ ಕೆಲಸ ಬಿಟ್ಟು ಬಂದು, ಫ್ಯಾನಿನ ಕೆಳಗೆ ಜಾಗ ಹುಡುಕಿಕೊಂಡು ಕೂತಿದ್ದೀರಿ. ಸಂತೋಷ. ಆದರೆ ಕೇಳುವುದು ಎಂದರೆ ಪೀಠದ ಮೇಲೆ ಮೈಕು ಹಿಡಿದು ಕೂತವನ ಮಾತು ಕೇಳುವುದು ಮಾತ್ರವೇ? ಅಷ್ಟೇ ಆಗಿದ್ದರೆ ಬಹಳ ಸುಲಭವಿತ್ತು. ಒಂದು ದೃಷ್ಟಾಂತ ಹೇಳುತ್ತೇನೆ, ನೋಡಿ.

ಒಬ್ಬ ಶ್ರೀಮಂತ ಇದ್ದ. ಒಂದಾನೊಂದು ಊರಿನಲ್ಲಿ ಎಂದು ಶುರು ಮಾಡಬೇಕಿತ್ತು, ಅದು ಪದ್ಧತಿ. ಆದರೆ ಈ ಕಥೆ ನಡೆಯುವ ಹೊತ್ತಿಗೆ ಅವನು ಯಾವ ಊರಲ್ಲೂ ಇರಲಿಲ್ಲ. ಎರಡು ಊರುಗಳ ನಡುವೆ, ಆಕಾಶದಲ್ಲಿ, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಕೂತಿದ್ದ. ಅವನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ, ಸದ್ಯ, ಇದು ನಮ್ಮ ಕಥೆಯಲ್ಲ ಎಂದು ನೀವು ಕಾಲು ಚಾಚಿ ಹಾಯಾಗಿ ಕೂರುತ್ತೀರಿ.

ಈ ಶ್ರೀಮಂತನಿಗೆ ತನ್ನ ಊರಿನಲ್ಲಿ ಕಲ್ಯಾಣ ಮಂಟಪಗಳಿದ್ದವು. ಕಲ್ಯಾಣ ಮಂಟಪದ ಯಜಮಾನ ಎಂದರೆ ಸಾಮಾನ್ಯವೇ? ಮಗಳ ಮದುವೆಗೆ ಒಳ್ಳೆಯ ಮುಹೂರ್ತದ ತಾರೀಖು ಬೇಕಾದವರೆಲ್ಲ ಅವನ ಮುಂದೆ ಕೈಕಟ್ಟಿ ನಿಲ್ಲಬೇಕು. ಹೀಗೆ ನಿಂತವರನ್ನು ನೋಡಿ ನೋಡಿ ಅವನಿಗೆ ಒಂದು ಅಭ್ಯಾಸ ಬೆಳೆದಿತ್ತು. ಎದುರಿನವರು ಬಾಯಿ ತೆರೆದ ಕೂಡಲೇ ಬಲಗೈ ಎತ್ತಿ ಅಂಗೈ ತೋರಿಸುತ್ತಿದ್ದ. ಸಾಕು, ಗೊತ್ತಾಯಿತು ಎಂದು ಅದರ ಅರ್ಥ. ಮ್ಯಾನೇಜರ್ ಅರ್ಧ ವಾಕ್ಯ ಆಡಿದರೆ ಅಂಗೈ. ಅಡುಗೆ ಭಟ್ಟರು ಬೇಳೆಯ ವಿಷಯ ತೆಗೆದರೆ ಅಂಗೈ. ಹೆಂಡತಿಗೆ ಮಾತ್ರ ಅಂಗೈ ಪೂರ್ತಿ ಏಳಬೇಕಾಗಿಯೇ ಇರಲಿಲ್ಲ. ಬೆರಳು ಸ್ವಲ್ಪ ಅಲ್ಲಾಡಿದರೆ ಸಾಕು, ಆಕೆ ನಿಲ್ಲಿಸಿಬಿಡುತ್ತಿದ್ದಳು. ಅವನೇನು ಕೆಟ್ಟವನಲ್ಲ. ಕೈ ಮಾಡಿದವನಲ್ಲ, ಬಯ್ದವನಲ್ಲ, ಉಡಲು ಉಣಲು ಕಡಿಮೆ ಮಾಡಿದವನಲ್ಲ. ಆಕೆಯ ಒಂದು ಮಾತು ಮುಗಿಯುವ ತನಕ ಕಾದವನಲ್ಲ, ಅಷ್ಟೇ.

ಆ ದಿನ ದೂರದೂರಿನ ನೆಂಟರ ಮದುವೆಗೆ ಇಬ್ಬರೂ ವಿಮಾನದಲ್ಲಿ ಹೊರಟಿದ್ದರು. ಅವನು ಹತ್ತಾರು ಸಲ ಹಾರಿದವನು, ಆಕೆಗೆ ಇದೇ ಮೊದಲು. ಹೊಸ ರೇಷ್ಮೆ ಷರ್ಟು ತೊಟ್ಟು, ಬೆಳಿಗ್ಗೆಯಿಂದ ಫೋನು ಕಿವಿಗೆ ಅಂಟಿಸಿಕೊಂಡೇ ಅವನು ವಿಮಾನ ನಿಲ್ದಾಣದೊಳಗೆ ನಡೆದ. ಜನ ಅವನನ್ನು ನೋಡಿ ಮುಗುಳ್ನಕ್ಕರು. ಟಿಕೆಟ್ ನೋಡುವ ಹುಡುಗಿಯೂ ನಕ್ಕಳು. ಷರ್ಟಿನ ಪ್ರಭಾವ ಎಂದುಕೊಂಡು ಅವನು ಇನ್ನಷ್ಟು ಎದೆಯುಬ್ಬಿಸಿದ. ಈ ನಗುವನ್ನು ಸ್ವಲ್ಪ ನೆನಪಿನಲ್ಲಿಡಿ.

ಆಕೆ ಎಡಗಡೆಯ ಕಿಟಕಿಯ ಪಕ್ಕ, ರೆಕ್ಕೆಯ ಸ್ವಲ್ಪ ಹಿಂದೆ ಕೂತಳು. ವಿಮಾನ ಓಡಿತು, ಓಡಿತು, ಇನ್ನೇನು ನೆಲ ಬಿಡಬೇಕು, ಅಷ್ಟರಲ್ಲಿ ಕೆಳಗೆ ಎಲ್ಲೋ ಧಡ್ ಎಂದು ಒಂದು ಸದ್ದಾಯಿತು. ಅವನಿಗೂ ಕೇಳಿಸಿತು. ವಿಮಾನ ಮೇಲೆದ್ದಿತು.

"ರೀ, ರೆಕ್ಕೆ ಕೆಳಗಿಂದ ಏನೋ ಕರ್ರಗಿಂದು ಕಿತ್ಕೊಂಡು ಹೋಯ್ತು," ಎಂದಳು ಆಕೆ.

"ಸುಮ್ನಿರೇ. ವಿಮಾನ ಅಂದ್ಮೇಲೆ ಸದ್ದು ಮಾಡುತ್ತೆ."

"ಸದ್ದಲ್ಲ, ನಾನು ಕಣ್ಣಾರೆ..."

ಅವನ ಬೆರಳು ಅಲ್ಲಾಡಿತು. ಆಕೆ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಗಗನಸಖಿ ನೀರು ತಂದಾಗ ಆಕೆ ಮತ್ತೆ ಏನೋ ಹೇಳಲು ಮುಂದೆ ಬಾಗಿದಳು. ಅವನೇ ನಡುವೆ ಬಾಯಿ ಹಾಕಿ, "ಏನಿಲ್ಲಮ್ಮ, ಇವಳಿಗೆ ಹೊಸದು, ಭಯ," ಎಂದು ನಕ್ಕು ಗಗನಸಖಿಯನ್ನು ಕಳಿಸಿಬಿಟ್ಟ. ಅವನಿಗೆ ನಾಚಿಕೆ. ಹಳ್ಳಿಗಮಾರಿಯ ಹಾಗೆ ಹೆಂಡತಿ ಏನೋ ಕೇಳಿ, ಅಕ್ಕಪಕ್ಕದವರು ನಕ್ಕುಬಿಟ್ಟರೆ? ನೋಡಿ, ಅವನು ಆಕೆಯ ಮಾತನ್ನು ಪರೀಕ್ಷಿಸಿ ಸುಳ್ಳು ಎಂದು ತೀರ್ಮಾನಿಸಲಿಲ್ಲ. ಆ ಮಾತಿನ ಕಡೆಗೆ ಹೋಗಲೇ ಇಲ್ಲ. ಆಡಿದವರು ಯಾರು ಎಂದು ನೋಡಿದ, ಅಲ್ಲಿಗೆ ಮುಗಿಯಿತು. ಆಕೆ ಉಳಿದ ದಾರಿಯಲ್ಲೆಲ್ಲ ಕಿಟಕಿಯಿಂದ ಆಚೆ ನೋಡುತ್ತ ಕೂತಳು. ಅವನು ನಿದ್ದೆ ಹೋದ.

ಎಚ್ಚರವಾದಾಗ ವಿಮಾನ ಇಳಿಯುತ್ತಿತ್ತು. ಇಳಿಯುತ್ತ ಇಳಿಯುತ್ತ, ಇದ್ದಕ್ಕಿದ್ದಂತೆ ಮತ್ತೆ ಮೇಲೇರಿತು. ಆಮೇಲೆ ಪೈಲಟ್‌ನ ದನಿ ಬಂತು. ಚಕ್ರಗಳನ್ನು ಇಳಿಸಿದ್ದೇವೆ, ಆದರೆ ಎಡಗಡೆಯ ಚಕ್ರ ಸರಿಯಾಗಿ ಇಳಿದಿದೆ ಎಂದು ತೋರಿಸುವ ದೀಪ ಹೊತ್ತುತ್ತಿಲ್ಲ. ನಿಲ್ದಾಣದ ಗೋಪುರದ ಹತ್ತಿರ ಕೆಳಮಟ್ಟದಲ್ಲಿ ಒಂದು ಸಲ ಹಾದು ಹೋಗುತ್ತೇವೆ, ಅಲ್ಲಿನವರು ದುರ್ಬೀನು ಹಿಡಿದು ನೋಡಿ ಹೇಳುತ್ತಾರೆ. ಎಲ್ಲರೂ ಶಾಂತವಾಗಿರಿ.

ಶ್ರೀಮಂತ ಸೀಟಿನಲ್ಲಿ ನೆಟ್ಟಗೆ ಕೂತ. ಹಾದು ಹೋಗುತ್ತಿದ್ದ ಗಗನಸಖಿಯನ್ನು ನಿಲ್ಲಿಸಿ ಕೇಳಿದ: "ಅವರ ಚಕ್ರ ಅವರಿಗೇ ಕಾಣಲ್ವಾ?"

"ಇಲ್ಲ ಸರ್. ಪೈಲಟ್ ಕೂರೋದು ಮುಂದೆ, ಚಕ್ರ ಇರೋದು ಹೊಟ್ಟೆ ಕೆಳಗೆ. ದೀಪ ಹೇಳ್ಬೇಕು. ಇಲ್ಲಾಂದ್ರೆ ಯಾರಾದ್ರೂ ನೋಡಿ ಹೇಳ್ಬೇಕು."

ಇಲ್ಲಿ ಒಂದು ನಿಮಿಷ ನಿಲ್ಲೋಣ. ಅಷ್ಟು ದೊಡ್ಡ ವಿಮಾನ, ಅಷ್ಟು ಓದಿದ ಪೈಲಟ್, ಎದುರಿಗೆ ಎಷ್ಟೊಂದು ಮುಳ್ಳು, ದೀಪ, ಗುಂಡಿ. ಆಕಾಶವೆಲ್ಲ ಅವನಿಗೆ ಕಾಣುತ್ತದೆ. ತನ್ನ ಕಾಲಡಿಯ ಚಕ್ರ ಕಾಣುವುದಿಲ್ಲ. ಅದಕ್ಕೆ ಅವನು ಏನು ಮಾಡಿದ? ನನಗೆ ಎಲ್ಲ ಗೊತ್ತು ಎಂದನೇ? ಇಲ್ಲ. ಕೆಳಗೆ ಬಂದ. ಕೇಳುವುದಕ್ಕಾಗಿ ಕೆಳಗೆ ಬಂದ. ಮೇಲೆಯೇ ಇದ್ದುಕೊಂಡು ಕೇಳಿದ್ದರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ.

ವಿಮಾನ ಗೋಪುರದ ಪಕ್ಕ ಹಾದು ಹೋಯಿತು. ಚಕ್ರಗಳು ಇಳಿದಿವೆ, ಆದರೆ ಎಡಗಡೆಯದು ಸರಿಯಾಗಿದೆಯೋ ಇಲ್ಲವೋ ಅಷ್ಟು ದೂರದಿಂದ ಹೇಳಲಾಗದು ಎಂದರು. ಈಗ ಪೈಲಟ್‌ಗೆ ಉಳಿದದ್ದು ಒಂದೇ ಪ್ರಶ್ನೆ: ಕೆಟ್ಟಿರುವುದು ದೀಪವೋ, ಚಕ್ರವೋ? ದೀಪವಾದರೆ ಎಂದಿನಂತೆ ಇಳಿಯಬಹುದು. ಚಕ್ರವಾದರೆ ಎಂದಿನಂತೆ ಇಳಿದವರು ಎದ್ದು ಮನೆಗೆ ಹೋಗುವುದು ಕಷ್ಟ. ಗಗನಸಖಿ ಸಾಲುಗಳ ನಡುವೆ ನಿಂತು, ಹೊರಡುವಾಗ ಎಡಗಡೆ ಯಾರಾದರೂ ಏನಾದರೂ ನೋಡಿದಿರಾ ಎಂದು ಕೇಳಿದಳು.

ಶ್ರೀಮಂತ ಹೆಂಡತಿಯ ಕಡೆ ತಿರುಗಿದ. ಆಕೆ ಕಿಟಕಿ ನೋಡುತ್ತಿರಲಿಲ್ಲ, ಗಗನಸಖಿಯನ್ನೂ ನೋಡುತ್ತಿರಲಿಲ್ಲ. ಅವನ ಬಲಗೈ ನೋಡುತ್ತಿದ್ದಳು. ಬೆರಳು ಅಲ್ಲಾಡುತ್ತದೋ ಏನೋ ಎಂದು. ವಿಮಾನ ತುಂಬ ಜನರ ಪ್ರಾಣ ಆಕೆಯ ನಾಲಿಗೆಯ ತುದಿಯಲ್ಲಿತ್ತು, ಆಕೆ ಅಪ್ಪಣೆಗೆ ಕಾಯುತ್ತಿದ್ದಳು. ಅವನಿಗೆ ಸಾಯುವ ಭಯಕ್ಕಿಂತ ದೊಡ್ಡದೊಂದು ಸಂಕಟ ಎದೆಗೆ ಬಂದು ಕೂತಿತು. ನಾನು ಇವಳನ್ನು ಏನು ಮಾಡಿಟ್ಟಿದ್ದೇನೆ ಎಂದುಕೊಂಡ.

ಅವನು ಕೈ ಎತ್ತಿದ. "ಇಲ್ಲಿ ಬನ್ನಿ. ಇವರು ನೋಡಿದಾರೆ."

ಮುಂದಿನಿಂದ ಎರಡನೇ ಪೈಲಟ್ ಎದ್ದು ಬಂದ. ಮಗನ ವಯಸ್ಸಿನವನು. ಅವರ ಸಾಲಿನ ಪಕ್ಕ ಮಂಡಿಯೂರಿ ಕೂತ.

"ನಿಮ್ಮ ಹೆಸರೇನಮ್ಮ?"

"ಸರ್ವಮಂಗಳ."

ಈ ಕಥೆಯಲ್ಲಿ ಇರುವುದು ಇದೊಂದೇ ಹೆಸರು. ಇವಳೇ, ಇಲ್ಲಿ ಬಾರೇ, ಕೇಳಿಸ್ತೇನೇ ಎಂದು ಕರೆದು ಕರೆದು ಆ ಹೆಸರು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ ಶ್ರೀಮಂತನಿಗೇ ನೆನಪಿರಲಿಲ್ಲ.

"ಏನು ನೋಡಿದ್ರಿ, ನಿಧಾನವಾಗಿ ಹೇಳಿ."

"ಧಡ್ ಅಂತಲ್ಲ, ಆಗ ಈ ರೆಕ್ಕೆ ಕೆಳಗಿಂದ ಕರ್ರಗೆ ಒಂದು ತುಂಡು ಹಾರ್ತು. ಮೊರದಷ್ಟಗಲ ಇತ್ತು. ಅದರ ಹಿಂದೆ ಇನ್ನೂ ಸಣ್ಣ ಸಣ್ಣದು. ರಬ್ಬರಿನ ಹಾಗೆ ಬಳುಕ್ತಾ ಇತ್ತಪ್ಪ."

ಪೈಲಟ್ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಆಗ್ಲೇ ಯಾಕಮ್ಮ ಹೇಳ್ಲಿಲ್ಲ?" ಎಂದ. ಗದರಿಕೆಯಿಲ್ಲ, ತಿಳಿಯಬೇಕು ಎಂದು ಕೇಳಿದ್ದು.

ಆಕೆ ಗಂಡನ ಕಡೆ ನೋಡಲಿಲ್ಲ. "ನಂಗೇ ಸರಿಯಾಗಿ ಗೊತ್ತಾಗ್ಲಿಲ್ಲ," ಎಂದಳು.

ಶ್ರೀಮಂತ ಬಾಯಿ ತೆರೆದ. ಅವಳು ಹೇಳಿದ್ದಳು, ನಾನೇ ಬಾಯಿ ಮುಚ್ಚಿಸಿದೆ ಎನ್ನಲು ಹೊರಟ. ಅಷ್ಟರಲ್ಲಿ ಪೈಲಟ್ ಎದ್ದು ಓಡಿಯಾಗಿತ್ತು.

ಮುಂದಿನದನ್ನು ನಾನು ಬೆಳೆಸುವುದಿಲ್ಲ. ಕೆಟ್ಟಿರುವುದು ಚಕ್ರ ಎಂದು ಗೊತ್ತಾದ ಮೇಲೆ ಏನು ಮಾಡಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ. ಟ್ಯಾಂಕಿನಲ್ಲಿದ್ದ ಇಂಧನ ಕರಗುವ ತನಕ ಸುತ್ತು ಹಾಕಿದರು. ಅಗ್ನಿಶಾಮಕದವರನ್ನು ಎಡಗಡೆ ನಿಲ್ಲಿಸಿದರು. ಇಳಿದ ಮೇಲೆ ಬಲಗಡೆಯ ಬಾಗಿಲುಗಳಿಂದ ಮಾತ್ರ ಹೊರಗೆ ಹೋಗಿ ಎಂದು ಎಲ್ಲರಿಗೂ ಎರಡೆರಡು ಸಲ ಹೇಳಿದರು. ತಲೆ ಬಗ್ಗಿಸಿ ಕೂರಿ ಎಂದರು. ಯಾರ ಮುಂದೆಯೂ ಬಗ್ಗದ ತಲೆ ಮುಂದಿನ ಸೀಟಿನ ಬೆನ್ನಿಗೆ ಬಗ್ಗಿತು. ಪೈಲಟ್ ಭಾರವನ್ನೆಲ್ಲ ಬಲಗಡೆಯ ಚಕ್ರದ ಮೇಲಿಟ್ಟು, ಎಡಗಡೆಯದನ್ನು ಆದಷ್ಟು ಹೊತ್ತು ನೆಲಕ್ಕೆ ಸೋಕಿಸದೆ ಓಡಿಸಿದ. ಕೊನೆಗೆ ಅದು ಸೋಕಿತು. ಕಬ್ಬಿಣ ಕರಕರನೆ ಉಜ್ಜಿತು, ಎಡಗಡೆಯ ಕಿಟಕಿಗಳಲ್ಲಿ ಕಿಡಿ, ಹೊಗೆ, ಆಮೇಲೆ ಬೆಂಕಿ. ಅಲ್ಲೇ ನಿಂತಿದ್ದವರು ನೀರು, ನೊರೆ ಹೊಯ್ದರು. ಜನ ಬಲಗಡೆಯಿಂದ ಜಾರಿ ಇಳಿದರು. ಒಬ್ಬರಿಗೂ ಪ್ರಾಣಕ್ಕೆ ಏನೂ ಆಗಲಿಲ್ಲ. ಎಡಗಡೆಯ ಬಾಗಿಲು ತೆರೆದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೀವೇ ಯೋಚಿಸಿ.

ಎಲ್ಲರನ್ನೂ ಒಂದು ಬಸ್ಸಿಗೆ ಹತ್ತಿಸಿದರು. ಗಂಡ ಹೆಂಡತಿ ಅಕ್ಕಪಕ್ಕ ಕೂತರು. ಆಕೆ ಅವನ ಕಡೆ ನೋಡಿ, "ರೀ," ಎಂದಳು. ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಏನು, ಹೇಳು," ಎಂದ ಅವನು.

"ಏನಿಲ್ಲ ಬಿಡಿ."

ಮದುವೆಯಾದಾಗಿನಿಂದ ಮುಚ್ಚಿಸಿದ ಬಾಯಿ ಒಂದು ಗಳಿಗೆಗೆ ತೆರೆಯುತ್ತದೆಯೇ? ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. "ಹೇಳು ಸರ್ವಮಂಗಳ. ನಿಜವಾಗ್ಲೂ ಕೇಳ್ತಿದೀನಿ," ಎಂದ.

ಆಕೆ ಅವನ ಕೈಗಳು ಎಲ್ಲಿವೆ ಎಂದು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಷರ್ಟಿನ ಗುಂಡಿ ಮೇಲೆ ಕೆಳಗೆ ಹಾಕ್ಕೊಂಡಿದೀರಿ."

ಅವನು ಬಗ್ಗಿ ನೋಡಿಕೊಂಡ. ಮೇಲಿನ ಗುಂಡಿ ಕೆಳಗಿನ ತೂತಿನಲ್ಲಿ, ರೇಷ್ಮೆ ಷರ್ಟು ಒಂದು ಕಡೆ ಏರಿ ಒಂದು ಕಡೆ ಜೋತು ಬಿದ್ದಿತ್ತು. "ಯಾವಾಗಿಂದ?"

"ಬೆಳಿಗ್ಗೆಯಿಂದ. ಹೇಳಕ್ಕೆ ಬಂದೆ. ನೀವು ಫೋನಲ್ಲಿದ್ರಿ, ಕೈ ತೋರ್ಸಿದ್ರಿ."

ವಿಮಾನ ನಿಲ್ದಾಣದಲ್ಲಿ ಜನ ಯಾಕೆ ನಕ್ಕರು ಎಂದು ಅವನಿಗೆ ಆಗ ಹೊಳೆಯಿತು. ಬಸ್ಸಿನಲ್ಲಿ ಎಲ್ಲರ ಎದುರಿಗೇ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಒಂದೊಂದಾಗಿ ಸರಿಯಾಗಿ ಹಾಕಿಕೊಂಡ. ಹಾಕಿಕೊಳ್ಳುತ್ತ ಅತ್ತ. ಹಾಕಿ ಮುಗಿದ ಮೇಲೆ, "ಸರಿ ಇದೆಯಾ ನೋಡು," ಎಂದು ಆಕೆಯನ್ನು ಕೇಳಿದ.

ದೃಷ್ಟಾಂತ ಇಷ್ಟೇ. ನೀವು ನಗುತ್ತಿದ್ದೀರಿ, ನಗಿ. ಮುಂದಿನ ಸಾಲಿನ ಯಜಮಾನರು ಸ್ವಲ್ಪ ಕಡಿಮೆ ನಗುತ್ತಿದ್ದಾರೆ, ಅದೂ ನನಗೆ ಕಾಣುತ್ತಿದೆ. ನನಗೇನೋ ನಿಮ್ಮ ಗುಂಡಿ ಕಾಣುತ್ತದೆ. ನನ್ನದು ನನಗೆ ಕಾಣುವುದಿಲ್ಲ, ನಾನೂ ಮನೆಗೆ ಹೋಗಿ ಕೇಳಬೇಕಾದವನೇ.

ನೀವೆಲ್ಲ ಸ್ಕೂಟರ್, ಬೈಕು ಓಡಿಸುವವರು. ಸೈಡ್ ಸ್ಟ್ಯಾಂಡ್ ಎತ್ತುವುದನ್ನು ಮರೆತು ರಸ್ತೆಗೆ ಇಳಿಯುತ್ತೀರಿ. ಆಗ ಏನಾಗುತ್ತದೆ? ಎದುರಿನಿಂದ ಬರುವ ಯಾರೋ ಗುರುತು ಪರಿಚಯವಿಲ್ಲದವನು, "ಸ್ಟ್ಯಾಂಡ್, ಸ್ಟ್ಯಾಂಡ್," ಎಂದು ಕೂಗುತ್ತಾನೆ. ನೀವು ತಕ್ಷಣ ಕಾಲಿನಿಂದ ಎತ್ತುತ್ತೀರಿ, ಅವನಿಗೆ ಥ್ಯಾಂಕ್ಸ್ ಎಂದು ಕೈ ಬೀಸುತ್ತೀರಿ. ನೀನು ಯಾರು, ಎಷ್ಟು ಓದಿದ್ದೀಯ ಎಂದು ಕೇಳಿದ್ದೀರಾ? ಇಲ್ಲ. ಅದೇ ಮಾತನ್ನು ಹಿಂದೆ ಕೂತವಳು ಹೇಳಲಿ, ನೋಡೋಣ. "ಗೊತ್ತು, ನಿಂದೊಂದು," ಎನ್ನುತ್ತೀರಿ. ದಾರಿಹೋಕನಿಗೆ ಇರುವ ಮರ್ಯಾದೆ ಹೆಂಡತಿಗಿಲ್ಲ. ವಯಸ್ಸಾದ ತಾಯಿಗಿಲ್ಲ. ಅಂಗಡಿಯಲ್ಲಿ ನಿಮ್ಮ ಕೈಕೆಳಗೆ ದುಡಿಯುವವನಿಗಿಲ್ಲ. ಅವರಿಗೆ ಕಂಡದ್ದು ನಿಮಗೆ ಕಂಡಿಲ್ಲ, ಕಾಣುವುದೂ ಇಲ್ಲ, ಏಕೆಂದರೆ ನೀವು ಮುಂದೆ ಕೂತಿದ್ದೀರಿ.

ಆದ್ದರಿಂದ ದೊಡ್ಡ ವ್ರತವೇನೂ ಬೇಡ. ಮನೆಯವರು ಒಂದು ಮಾತು ಶುರು ಮಾಡಿದರೆ ಅದು ಮುಗಿಯುವ ತನಕ ಕೈ ಕೆಳಗಿರಲಿ. ಒಪ್ಪುವುದು ಬಿಡುವುದು ಆಮೇಲೆ. ಇನ್ನು ಕಂಬದ ಆಚೆ ಕೂತಿರುವ ತಾಯಂದಿರೇ, ನೀವೂ ಅಷ್ಟೇ, ನಂಗೇ ಗೊತ್ತಾಗ್ಲಿಲ್ಲ ಎಂದು ಗಂಡನ ತಪ್ಪನ್ನು ಸೆರಗಿನಲ್ಲಿ ಕಟ್ಟಿಕೊಳ್ಳಬೇಡಿ. ಕಂಡದ್ದನ್ನು ಹೇಳಿ. ಅಂಗೈ ಎದ್ದರೂ ಹೇಳಿ.

ಮನೆಯಲ್ಲಿ ಕೇಳದ ಕಿವಿಯನ್ನು ಇಲ್ಲಿಗೆ ಹೊತ್ತು ತಂದು ನನಗೆ ಅರ್ಪಿಸಿದರೆ ಅದು ಶ್ರವಣವಲ್ಲ, ಹೊತ್ತು ಕಳೆಯುವುದು. ಈಗ ಪ್ರಸಾದ ತೆಗೆದುಕೊಂಡು ಹೊರಗೆ ಹೋಗುತ್ತೀರಿ, ಗಾಡಿ ಹತ್ತುತ್ತೀರಿ. ಹೊರಡುವ ಮೊದಲು ಒಂದು ಸಲ ಹಿಂದೆ ತಿರುಗಿ, "ಎಲ್ಲ ಸರಿ ಇದೆಯಾ, ನೋಡು," ಎಂದು ಕೇಳಿ. ಅವರು ನೋಡಿ ಹೇಳುವ ತನಕ ಗಾಡಿ ಅಲ್ಲೇ ನಿಂತಿರಲಿ.