ಹಾಲು ಸರಿಯಾಗೇ ಇತ್ತು

ಸೇರಿರುವ ಎಲ್ಲರಿಗೂ ನಮಸ್ಕಾರ. ಯಜಮಾನರನ್ನು ಕಳೆದುಕೊಂಡ ತುಳಸಮ್ಮನವರಿಗೆ, ಅವರ ಮಗಳು ಶ್ರೀರಂಜನಿಗೆ, ಶೆಟ್ಟಿಹಳ್ಳಿಯ ಹಿರಿಯರಿಗೆ, ಗುಬ್ಬಿ-ಕುಣಿಗಲ್ ಕಡೆಯಿಂದ ಬಂದಿರುವ ನಮ್ಮ ಅಡುಗೆಯವರಿಗೆ — ನಾನು ಸುಬ್ಬಕೃಷ್ಣ. ವೆಂಕಟರಂಗಯ್ಯನವರ ಜೊತೆ ಇಪ್ಪತ್ತೆರಡು ವರ್ಷ ಒಲೆ ಮುಂದೆ ನಿಂತವನು. ಮೈಕ್ ಹಿಡಿದು ಅಭ್ಯಾಸವಿಲ್ಲ. — ಬೇಡಪ್ಪ, ನೀರು ಬೇಡ. ಕುಡಿದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ.

ಒಂದು ಗೃಹಪ್ರವೇಶದಲ್ಲಿ ಹುಳಿಗೆ ಎರಡು ಸಲ ಉಪ್ಪು ಬಿತ್ತು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು, ಯಾರ ತಲೆಗೆ ಕಟ್ಟೋಣ ಅಂತ. ಈ ಫೋಟೋದಲ್ಲಿರುವ ಮನುಷ್ಯ — ಹೀಗೆ — ಹೆಗಲ ಮೇಲಿನ ಟವೆಲ್ ಕೈಗೆ ತಗೊಂಡು ಪಂಕ್ತಿಯ ನಡುವೆ ಹೋಗಿ ನಿಂತರು. "ಹುಳಿ ಉಪ್ಪಾಗಿದೆ. ನಾನೇ ಎರಡು ಸಲ ಹಾಕ್ಬಿಟ್ಟೆ. ಹತ್ತು ನಿಮಿಷ ಕೊಡಿ, ತಿಳಿಸಾರು ತರ್ತೀನಿ." ಜನ ನಕ್ಕರು. ಅದೇ ಮನೆಯವರು ಮಗಳ ಮದುವೆಗೂ ಅವರನ್ನೇ ಕರೆದರು.

ಆಯಿತು, ಈಗ ನನ್ನ ವಿಷಯ. ಮೂರು ವರ್ಷದ ಹಿಂದೆ, ಕುಣಿಗಲ್‌ನಲ್ಲಿ ಒಂದು ಮದುವೆ. ಹೆಸರುಬೇಳೆ ಪಾಯಸ ನನ್ನ ಪಾಲಿಗೆ ಬಂದಿತ್ತು. ಬೆಲ್ಲದ ಪಾಯಸವನ್ನು ಒಲೆಯಿಂದ ಇಳಿಸಿ, ಆರಿದ ಮೇಲೆಯೇ ಹಾಲು ಹಾಕಬೇಕು. ಅಡುಗೆಯವನಿಗೆ ಇದು ಮೊದಲನೇ ಪಾಠ. ಹೊರಗೆ ಪಂಕ್ತಿ ಕೂತುಬಿಟ್ಟಿತ್ತು, ಪಾಯಸ ಎಲ್ಲಿ, ಪಾಯಸ ಎಲ್ಲಿ ಅಂತ ಕೂಗು. ನಾನು ಕುದಿಯುವುದಕ್ಕೇ ಹಾಲು ಸುರಿದೆ. ಒಡೆದುಹೋಯಿತು.

ವೆಂಕಟರಂಗಯ್ಯ ಓಡಿ ಬಂದರು. ಕೇಳಿದ್ದು ಒಂದೇ — "ಆರಿಸಿ ತಾನೆ ಹಾಕಿದ್ದು, ಸುಬ್ಬು?"

"ಹೂಂ. ಹಾಲೇ ಸರಿ ಇರ್ಲಿಲ್ಲ."

ಎಷ್ಟು ಸಲೀಸಾಗಿ ಬಂತು ನೋಡಿ! ನನ್ನ ಬಾಯಿಗೆ ಹುಳ ಬೀಳ.

ಹಾಲು ಕೊಟ್ಟವರು ಸಿ.ಎಸ್. ಪುರದ ಗಂಗಹನುಮಯ್ಯ. ಹದಿನೈದು ವರ್ಷದಿಂದ ನಮಗೆ ಹಾಲು ತರುತ್ತಿದ್ದವರು. ವೆಂಕಟರಂಗಯ್ಯ ಎಲ್ಲರೆದುರಿಗೆ ಅವರನ್ನು ಬೈದು, ಇನ್ನು ಬರಬೇಡಿ ಅಂದುಬಿಟ್ಟರು. ಬೆಳಿಗ್ಗೆ ಕರೆದ ಹಾಲು ಅಂತ ಗಂಗಹನುಮಯ್ಯ ಆಣೆ ಇಟ್ಟರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಿಂಗಳೊಳಗೆ ಗುಬ್ಬಿಯ ಬೇರೆ ಅಡುಗೆಯವರೂ ಅವರ ಹಾಲು ಬೇಡ ಅಂದರು. ಅವರನ್ನು ಬೈಯುವಾಗ ನಾನು ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಯೋಚನೆ ಮಾಡಿ — ಜೀವಮಾನದಲ್ಲಿ ತನ್ನ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕದ ಮನುಷ್ಯ. ಅಂಥವರ ಬಾಯಿಂದ ಏನೂ ಮಾಡದವನನ್ನು ಬೈಯಿಸಿದವನು ನಾನು. ಮೂರು ವರ್ಷ ಇದು ನನ್ನನ್ನು ನೆಟ್ಟಗೆ ಊಟ ಮಾಡಲು ಬಿಟ್ಟಿಲ್ಲ.

ಹೋದ ತಿಂಗಳು ಆಸ್ಪತ್ರೆಯಲ್ಲಿ ಅವರೇ ಆ ಮಾತೆತ್ತಿದರು. "ಅವನ ಹಾಲು ಯಾವತ್ತೂ ಕೆಟ್ಟಿರ್ಲಿಲ್ಲ ಕಣೋ. ಅವತ್ತೊಂದಿನ ಹೆಂಗೆ..." ನಾನು ಕಿತ್ತಳೆ ಸುಲಿಯುತ್ತಾ ಕೂತೆ. ನಾಳೆ ಹೇಳೋಣ ಅಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ಹೋದಾಗ — ಹಾಸಿಗೆ ಖಾಲಿ ಇತ್ತು.

ಗಂಗಹನುಮಯ್ಯ ಇವತ್ತು ಬಂದಿದ್ದಾರೆ. ಬಾಗಿಲ ಹತ್ತಿರ, ಕೊನೇ ಸಾಲಿನಲ್ಲಿ. ತಮ್ಮನ್ನು ಬೈದವರ ಫೋಟೋಗೆ ಹೂ ಹಾಕಲು ಬಸ್ಸು ಹತ್ತಿ ಬಂದಿದ್ದಾರೆ. ಅಣ್ಣಾ, ನಿಮ್ಮ ಹಾಲು ಸರಿಯಾಗೇ ಇತ್ತು. ಅವಸರ ಮಾಡಿದ್ದು ನಾನು. ಸುಳ್ಳು ಹೇಳಿದ್ದೂ ನಾನು. ತುಳಸಮ್ಮನವರೇ, ನಿಮ್ಮ ಯಜಮಾನರು ನನ್ನನ್ನು ನಂಬಿದರು, ಅಷ್ಟೇ.

ಇನ್ನು ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ವೆಂಕಟರಂಗಯ್ಯನವರಿಗಾಗಿ ಒಂದು ನಿಮಿಷ ಮೌನವಾಗಿರೋಣ. ಗಂಗಹನುಮಯ್ಯ ಏಳದೆ ಕೂತೇ ಇದ್ದರೆ ಯಾರೂ ಅವರ ಕಡೆ ತಿರುಗಬೇಡಿ. ನನ್ನನ್ನು ನೋಡಿ.